ಕಾಫಿ ಹೊತ್ತಿಗೆ ನೂರು ಅಡಿ

ಕೆಲವರು ಇಸ್ಪೀಟಾಡುವುದನ್ನು ಹೆಂಡತಿಯಿಂದ ಮುಚ್ಚಿಡುತ್ತಾರೆ, ಕೆಲವರು ಸಿಗರೇಟು ಸೇದುವುದನ್ನು. ಚಟ ಚಿಕ್ಕದಾಗಿದ್ದರೆ ಮುಚ್ಚಿಡಬಹುದು. ನನ್ನದಕ್ಕೆ ಎರಡು ರೆಕ್ಕೆಗಳಿದ್ದವು. ಬ್ಯಾಟರಾಯನಪುರದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಹನ್ನೆರಡು ವರ್ಷಗಳಿಂದ ಒಂದು ವಿಮಾನ ಕಟ್ಟುತ್ತಿದ್ದೆ. ಆಟದ ಸಾಮಾನಲ್ಲ, ಒಬ್ಬ ಮನುಷ್ಯ ಕೂತು ಹಾರುವಂಥದ್ದು. ನಾನು ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಭಾನುವಾರಗಳಲ್ಲಿ ಜಕ್ಕೂರಿನ ಬಯಲಿಗೆ ಸೈಕಲ್ ತುಳಿದು, ವಿಮಾನ ಹಾರಿಸಲು ಕಲಿತು, ಲೈಸೆನ್ಸು ಗಿಟ್ಟಿಸಿದ್ದೆ. ನೆಂಟರು ಬಂದರೆ ನನ್ನ ಹೆಂಡತಿ ಪದ್ಮಾ, "ಅವ್ರು ಹಿಂದ್ಗಡೆ ಶೆಡ್ಡಲ್ಲಿದಾರೆ" ಎನ್ನುವಳು. ಆ ಧಾಟಿ ಕೇಳಿದವರಿಗೆ, ಪಾಪ, ಯಾವಾಗಿನಿಂದ ಹೀಗೆ ಎಂದು ಕೇಳಬೇಕೆನಿಸುತ್ತಿತ್ತು.

ಎಂಬತ್ತರ ದಶಕದ ಆರಂಭದ ಆ ಬೇಸಿಗೆಯಲ್ಲಿ ನನಗೆ ಅವಸರ ಬಿದ್ದಿತ್ತು. ವಯಸ್ಸು ಐವತ್ತು ದಾಟಿತ್ತು, ಕನ್ನಡಕ ವರ್ಷಕ್ಕಿಷ್ಟು ದಪ್ಪವಾಗುತ್ತಿತ್ತು. ಜೂನಿನಲ್ಲಿ ಲೈಸೆನ್ಸಿಗಾಗಿ ಮತ್ತೆ ಕಣ್ಣು ತೋರಿಸಬೇಕು, ಅದರಲ್ಲಿ ಪಾಸಾಗುವ ಆಸೆ ನನಗೇ ಇರಲಿಲ್ಲ. ಅಷ್ಟರೊಳಗೆ ಸರ್ಕಾರದ ವಿಮಾನ ಪರಿಶೀಲನೆಯ ಅಧಿಕಾರಿ ಸಹಿ ಹಾಕಿದರೆ ಹಾರುವುದು, ಇಲ್ಲವಾದರೆ ಈ ಜನ್ಮಕ್ಕೆ ಇಷ್ಟೇ. ಪದ್ಮಾಗೂ ಮಾತು ಕೊಟ್ಟಿದ್ದೆ, ಜೂನಿನೊಳಗೆ ಹಾರದಿದ್ದರೆ ಶೆಡ್ಡು ಖಾಲಿ ಮಾಡುತ್ತೇನೆಂದು. "ಬರ್ದುಕೊಡಿ" ಅಂದಳು. ಬರೆದುಕೊಟ್ಟೆ. ಚೀಟಿಯನ್ನು ಸಾಸಿವೆ ಡಬ್ಬಿಯಲ್ಲಿಟ್ಟಳು, ದಿನಾ ಒಗ್ಗರಣೆ ಹಾಕುವಾಗ ಕಾಣಲಿ ಎಂದು.

ಅಧಿಕಾರಿ ಮೊದಲ ಸಲ ಬಂದಾಗ ರೆಕ್ಕೆ ತಟ್ಟಿ, ಬಾಲ ಅಲ್ಲಾಡಿಸಿ, ತಲೆದೂಗಿದರು. ಆಮೇಲೆ ಒಳಗೆ ಕೂತು ಎದುರಿನ ಹಲಗೆ ನೋಡಿದರು. ಅದರ ಮೇಲಿದ್ದ ಮೀಟರುಗಳನ್ನೆಲ್ಲ ನಾನು ಗುಜರಿಯಲ್ಲಿ ಆರಿಸಿ ತಂದಿದ್ದೆ. "ಇದನ್ನೆಲ್ಲ ಬದಲಾಯಿಸಿ ಸ್ವಾಮಿ. ಒಂದು ರೇಡಿಯೋನೂ ಹಾಕಿ. ಆಮೇಲೆ ನೋಡೋಣ" ಅಂದರು. ನನಗೂ ಒಂದು ಮೀಟರಿನ ಮೇಲೆ ಸಿಟ್ಟಿತ್ತು. ಅದು ಗಾಳಿಯ ಒತ್ತಡ ಅಳೆದು, ಒತ್ತಡ ಕಮ್ಮಿಯಾದಷ್ಟೂ ಹೆಚ್ಚು ಎತ್ತರ ತೋರಿಸುವಂಥದ್ದು. ಸರಿಮಾಡುವ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ವಿಮಾನ ನಿಂತಲ್ಲೇ ನಿಂತಿದ್ದರೂ ಅದರ ಸೂಜಿ ಮಾತ್ರ ದಿನಾ ನೂರು ಅಡಿ ಏರಿ ಇಳಿಯುತ್ತಿತ್ತು.

ಹಲಗೆ ಬದಲಾಯಿಸಲು ಎರಡು ತಿಂಗಳು ಹಿಡಿಯಿತು. ರೇಡಿಯೋದ ಮೊದಲ ಪರೀಕ್ಷೆಯಲ್ಲಿ ನನಗೆ ಕೇಳಿಸಿದ್ದು ಜಕ್ಕೂರಲ್ಲ, ಅಡಿಗೆಮನೆಯ ಮಿಕ್ಸಿ. ಆಮೇಲಿನ ಪರೀಕ್ಷೆಗಳನ್ನೆಲ್ಲ ಚಟ್ನಿ ರುಬ್ಬುವ ಹೊತ್ತು ತಪ್ಪಿಸಿ ಮಾಡಿದೆ. ಹಳೆಯ ಎತ್ತರದ ಮೀಟರನ್ನು ಎಸೆಯಲು ಹೊರಟರೆ ಪದ್ಮಾ ಕೈ ಒಡ್ಡಿದಳು.

"ಕೆಟ್ಟಿದೆ ಕಣೇ ಅದು."

"ಯಾರ್ ಹೇಳಿದ್ದು? ಬೆಳಿಗ್ಗೆ ಹತ್ತಕ್ಕೆ ಇಳಿಯತ್ತೆ, ಸಾಯಂಕಾಲ ಕಾಫಿ ಹೊತ್ತಿಗೆ ಏರತ್ತೆ. ಹತ್ತಕ್ಕೆ ಇಳೀಲಿಲ್ಲ ಅಂದ್ರೆ ಅವತ್ತು ಮಳೆ. ನಾನು ಎಷ್ಟು ವರ್ಷದಿಂದ ನೋಡ್ತಿದೀನಿ."

ಹನ್ನೆರಡು ವರ್ಷ ನನಗೆ ಕಾಫಿ ತಂದುಕೊಟ್ಟವಳು ಲೋಟ ಖಾಲಿಯಾಗುವ ತನಕ ಸುಮ್ಮನೆ ನಿಂತಿರುತ್ತಿದ್ದಳು. ನನ್ನ ಕೈಚಳಕ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಮೀಟರು ಅಡಿಗೆಮನೆಯ ಗೋಡೆ ಏರಿತು. ಇನ್ನು ಸೂಜಿ ಇಳಿದರೆ ಮನೆಯೇ ಇಳಿದ ಲೆಕ್ಕ. ವಾರದೊಳಗೆ ಪಕ್ಕದ ಮನೆಯ ನಂಜಮ್ಮ ಬೇಲಿಯಾಚೆಯಿಂದ ಕೂಗಲು ಶುರು ಮಾಡಿದರು, "ಪದ್ಮಮ್ಮಾ, ಮನೆ ಇಳೀತಾ? ಅಪ್ಪಳ ಆಕ್ಲಾ?" ಇಡೀ ಬೀದಿಯ ಹಪ್ಪಳ, ಸಂಡಿಗೆ ನನ್ನ ಗುಜರಿ ಮೀಟರಿನ ಅಪ್ಪಣೆಯಿಲ್ಲದೆ ಮಹಡಿ ಹತ್ತುತ್ತಿರಲಿಲ್ಲ. ನಾನು ನಕ್ಕೆ. ನನ್ನ ಹೊಸ ಮೀಟರಿಗೆ ನುಣ್ಣನೆಯ ತಿರುಪಿತ್ತು. ಸೂಜಿ ಅತ್ತಿತ್ತ ಹೋದರೆ ತಿರುಗಿಸಿ ಸರಿಯಾದ ಜಾಗದಲ್ಲಿ ಕೂರಿಸುತ್ತಿದ್ದೆ. ಹೇಳಿದ ಮಾತು ಕೇಳುವ ವಸ್ತು ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಮೇ ಕೊನೆಯ ಶನಿವಾರ. ವಿಮಾನವನ್ನು ಹಿಂದಿನ ದಿನವೇ ಲಾರಿಯಲ್ಲಿ ಜಕ್ಕೂರಿಗೆ ಸಾಗಿಸಿ ರೆಕ್ಕೆ ಜೋಡಿಸಿದ್ದೆ. ಅಧಿಕಾರಿ ಬೆಳಿಗ್ಗೆ ಬಯಲಿನಲ್ಲಿ ಹೊಸ ಹಲಗೆ ನೋಡಿ, ಮೆಚ್ಚಿ, ಕಾಗದಪತ್ರಕ್ಕೆಂದು ನಮ್ಮ ಮನೆಗೆ ಬಂದರು. ಮೂರು ಗಂಟೆಗೆ ಹಾರಾಟ ಎಂದು ನಿಶ್ಚಯವಾಯಿತು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಅವರು ಉಪ್ಪಿಟ್ಟು ತಿಂದು ಮುಗಿಸಿ ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಹಿತ್ತಲಿನಿಂದ ನಂಜಮ್ಮನ ದನಿ. ಪದ್ಮಾ ಒಳಗಿನಿಂದಲೇ ಹೇಳಿದಳು, "ಇವತ್ತು ಬೇಡ ನಂಜಮ್ಮ. ಹನ್ನೊಂದಾಯ್ತು, ಮನೆ ಇನ್ನೂ ಇಳಿದಿಲ್ಲ."

"ಮನೆ ಇಳಿದಿಲ್ಲ ಅಂದ್ರೇನ್ರೀ?" ಅಧಿಕಾರಿ ನನ್ನನ್ನು ಕೇಳಿದರು.

"ಹೆಂಗಸರ ಮಾತು ಸಾರ್, ನೀವು ಸಹಿ ಮಾಡಿ" ಅಂದೆ. ಅವರು ಎದ್ದು ಅಡಿಗೆಮನೆಗೆ ಹೋದರು. ಮೀಟರನ್ನು ನೋಡಿದರು, ಪಕ್ಕದ ಗೋಡೆಯ ಮೇಲೆ ಪದ್ಮಾ ಸೀಸದ ಕಡ್ಡಿಯಲ್ಲಿ ದಿನದಿನಕ್ಕೆ ಎಳೆದಿದ್ದ ಗೀಟುಗಳನ್ನು ನೋಡಿದರು. ಹೊರಗೆ ಬಂದು ಬೀದಿಯ ಮಹಡಿಗಳನ್ನೆಲ್ಲ ನೋಡಿದರು. ಅಷ್ಟು ಬಿಸಿಲಿದ್ದರೂ ಒಂದರ ಮೇಲೂ ಹಪ್ಪಳವಿರಲಿಲ್ಲ.

"ನಿಮ್ಮ ಹೊಸ ಮೀಟರು ಏನನ್ನತ್ತೆ?"

"ಸರಿಯಾಗಿದೆ ಸಾರ್. ಬೆಳಿಗ್ಗೆ ತಾನೇ ತಿರುಗಿಸಿ ಸರಿಮಾಡಿದೀನಿ."

"ತಿರುಗಿಸಿದ್ರೆ ಸರಿಯಾಗೇ ಇರತ್ತೆ ಬಿಡಿ" ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಸೋಮವಾರ ಬರ್ತೀನಿ. ಇವತ್ತು ವಿಮಾನಾನ ಹ್ಯಾಂಗರಿನೊಳಗೇ ಇಡಿ."

ಅವರು ಹೋದ ಮೇಲೆ ಪದ್ಮಾಗೆ ಏನೇನೋ ಅಂದೆ. ಹನ್ನೆರಡು ವರ್ಷದ ತಪಸ್ಸನ್ನು ಹಪ್ಪಳಕ್ಕೆ ಬಲಿಕೊಟ್ಟೆ ಎಂದೆ. ಅವಳು ಒಣಗಿದ ಬಟ್ಟೆ ಒಳಗೆ ತಂದಳು. ಮೂರೂಕಾಲಿಗೆ ಯಲಹಂಕದ ಕಡೆಯಿಂದ ಕಪ್ಪಗೆ ಎದ್ದ ಬಿರುಗಾಳಿ ನಮ್ಮ ಶೆಡ್ಡಿನ ಎರಡು ತಗಡು ಕಿತ್ತುಕೊಂಡು ಹೋಯಿತು. ಆನೆಕಲ್ಲು ಬಿತ್ತು. ಆ ಹೊತ್ತಿಗೆ ನಾನು ಬಟ್ಟೆ ಹೊದಿಸಿದ ರೆಕ್ಕೆಗಳ ನಡುವೆ ಮೇಲೆಲ್ಲೋ ಇರಬೇಕಾಗಿತ್ತು. ಪದ್ಮಾ ಬಂದು ಪಕ್ಕದಲ್ಲಿ ನಿಂತಳು. ಕಾಫಿ ಕೊಟ್ಟಳು.

ಸೋಮವಾರ ಮನೆ ಹತ್ತಕ್ಕೆ ಸರಿಯಾಗಿ ಇಳಿಯಿತು. ನಂಜಮ್ಮ ಹಪ್ಪಳ ಹಾಕಿದರು, ಅಧಿಕಾರಿ ಸಹಿ ಹಾಕಿದರು, ನಾನು ಹಾರಿದೆ. ಮೇಲಿನಿಂದ ನಮ್ಮ ಬೀದಿ ಸುಲಭವಾಗಿ ಸಿಕ್ಕಿತು, ಮಹಡಿಗಳ ಮೇಲೆಲ್ಲ ಬಿಳಿ ಪಂಚೆ ಹಾಸಿತ್ತು. ಕಣ್ಣು ಮಂಜಾಯಿತು. ಅದು ಕನ್ನಡಕದ ದೋಷವಲ್ಲ.

ಮನೆಗೆ ಬಂದಾಗ ಪದ್ಮಾ ಸಾಸಿವೆ ಡಬ್ಬಿಯ ಚೀಟಿ ತೆಗೆದು ಹರಿದಳು.

"ಎಷ್ಟ್ ಎತ್ತರ ಹೋದ್ರಿ?"

"ಸಾವಿರ ಅಡಿ" ಅಂದೆ, ಎದೆಯುಬ್ಬಿಸಿ.

ಅವಳು ಗೋಡೆಯ ಮೀಟರಿನ ಕಡೆ ನೋಡಿ ಲೆಕ್ಕ ಹಾಕಿದಳು. "ನಮ್ಮನೆ ದಿನಾ ಕಾಫಿ ಹೊತ್ತಿಗೆ ನೂರು ಅಡಿ ಏರತ್ತೆ. ಹತ್ತು ದಿನಕ್ಕೆ ಸಾವಿರ. ನೀವು ಹನ್ನೆರಡು ವರ್ಷ ತಗೊಂಡ್ರಿ."

ಬೆಳಗಾದರೆ ಅದು ಇಳಿದುಬಿಡುತ್ತದಲ್ಲ ಎನ್ನಬಹುದಿತ್ತು. ಆದರೆ ನಾನೂ ಇಳಿದೇ ಬಂದಿದ್ದೆ. ಕಾಫಿ ಕುಡಿದೆ.