ಅಕ್ಕನ ಹಣೆ ಮತ್ತು ಕುರುಗೋಡಿನ ಬೀಗರು

ಗುಟ್ಟು ಕಾಯುವುದರಲ್ಲಿ ನಾನು ಅಂಥ ಹಗುರ ಹೊಟ್ಟೆಯವಳೇನಲ್ಲ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ ಇಷ್ಟು ವರ್ಷ ಕಳೆದಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಹೆಡ್‌ಮಾಸ್ತರರ ಮೀಸೆಗೆ ಯಾವ ಬಣ್ಣ, ಡ್ರಿಲ್ ಮಾಸ್ತರರ ಮಂಡಿನೋವು ಎಷ್ಟು ನಿಜ, ಎಲ್ಲವೂ ನನ್ನೊಳಗೆ ತಣ್ಣಗೆ ಕೂತಿವೆ. ಆದರೆ ಒಬ್ಬರ ಮುಖದ ನಟ್ಟನಡುವೆ ಕೂತು, ಅವರ ಜೊತೆಗೇ ಊರೂರು ತಿರುಗಿ, ಕಂಡವರ ಮನೆಯಲ್ಲಿ ಚಹಾ ಕುಡಿದು ಬರುವ ಗುಟ್ಟನ್ನು ಹೇಗೆ ಕಾಯಬೇಕೋ ನನಗೆ ಗೊತ್ತಿರಲಿಲ್ಲ. ನಮ್ಮಕ್ಕ ಶಾರದಾ ನನಗೆ ಕಾಯಲು ಕೊಟ್ಟಿದ್ದು ಅಂಥ ಗುಟ್ಟು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಬಳ್ಳಾರಿಯಲ್ಲಿ ಮನೆ. ಭಾವ ತಿಪ್ಪೇಸ್ವಾಮಿ ನಿವೃತ್ತ ಎಂಜಿನಿಯರು, ತಲೆ ಪೂರಾ ಬೆಳ್ಳಗಾಗಿ, ಅದರಲ್ಲೂ ಅರ್ಧ ಉದುರಿ, ತಾವು ಮಾತ್ರ ಯಾವ ಚಿಂತೆಯೂ ಇಲ್ಲದೆ ಪೇಪರು ಓದಿಕೊಂಡು ಇರುವವರು. ಒಂದು ದಿನ ಅಕ್ಕ ಸಿಟಿ ಬಸ್ಸಿನಲ್ಲಿ ನಿಂತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಎದ್ದು, "ಕುಂದರ್ರಿ ಅಜ್ಜಿ" ಅಂದಳಂತೆ. ಕಾಲು ನೋಯುತ್ತಿದ್ದದ್ದಕ್ಕೆ ಅಕ್ಕ ಕೂತೇನೋ ಕೂತಳು. ಮನೆಗೆ ಬಂದವಳೇ ನನಗೆ ಫೋನು ಮಾಡಿ, "ಸುಮಾ, ನಾನು ಅಜ್ಜಿ ಆದ್ನಂತ" ಎಂದಳು. ಆಮೇಲೆ ಕಡಲೆಹಿಟ್ಟು, ಮೊಸರು, ಪರಂಗಿಹಣ್ಣು, ಸೌತೆಕಾಯಿ ಎಲ್ಲವೂ ಅಡಿಗೆಮನೆ ಬಿಟ್ಟು ಅವಳ ಮುಖಕ್ಕೆ ಹೋದವು. ಭಾವನಿಗೆ ವಾರಗಟ್ಟಲೆ ಮೊಸರಿಲ್ಲದ ಊಟ. ಯಾವುದರಿಂದಲೂ ಉಪಯೋಗ ಕಾಣದೆ, ಕೊನೆಗೆ ಅಕ್ಕ ಚರ್ಮದ ಡಾಕ್ಟರ ಹತ್ತಿರ ಹೋಗುವುದೆಂದು ನಿಶ್ಚಯಿಸಿದಳು. ಒಬ್ಬಳೇ ಹೋಗಲು ಅಂಜಿಕೆ, ಹಾಗಾಗಿ ನನ್ನನ್ನೂ ಕರೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಕತ್ತರಿ, ಹೊಲಿಗೆ ಏನೂ ಇಲ್ಲದೆ ಮಾಡುವಂಥದ್ದು ಬೇಕಾದಷ್ಟಿದೆ ಎಂದು ಒಂದೊಂದಾಗಿ ಹೇಳಿದಳು. ಮೇಲಿನ ಸತ್ತ ಚರ್ಮ ಸುಲಿದುಹೋಗುವಂತೆ ಒಂದು ಔಷಧಿ ಹಚ್ಚುತ್ತಾರೆ, ಅದು ಪೀಲ್. ಕಲೆಗಳಿಗೆ ಲೇಸರ್. ಕೆನ್ನೆ ಇಳಿದಲ್ಲಿ ತುಂಬಿಸಲು ಫಿಲ್ಲರ್. ಹಣೆಯ ನೆರಿಗೆಗೆ ಬೊಟಾಕ್ಸ್ ಸೂಜಿ, ನೆರಿಗೆ ಮಾಡುವ ಸ್ನಾಯುವನ್ನೇ ಕೆಲವು ತಿಂಗಳು ಮಲಗಿಸಿಬಿಡುತ್ತದೆ. ಅಕ್ಕ ಮದುವೆ ಊಟದ ಎಲೆಯ ಮುಂದೆ ಕೂತವಳ ಹಾಗೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಡಾಕ್ಟರೇ ತಡೆದು, ಪೀಲ್ ಮತ್ತು ಹಣೆಯ ಸೂಜಿ ಎರಡು ಸಾಕು ಅಂದಳು. "ಬಿಸಿಲಿಗೆ ಮಾತ್ರ ಹೋಗಬೇಡಿ" ಎಂದಾಗ ಅಕ್ಕ, "ಡಾಕ್ಟ್ರೇ, ನಾವಿರೋದು ಬಳ್ಳಾರ್ಯಾಗ್ರಿ" ಅಂದಳು. ಡಾಕ್ಟರು ಹಚ್ಚಿಕೊಳ್ಳುವ ಕ್ರೀಮಿನ ಟ್ಯೂಬು ಇನ್ನೊಂದು ಜಾಸ್ತಿ ಬರೆದುಕೊಟ್ಟಳು.

ಮುಖ ಒಂದಷ್ಟು ದಿನ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದು, ಆಮೇಲೆ ಒಳಗಿನಿಂದ ಬೇರೆಯೇ ಅಕ್ಕ ಬಂದಳು. ಸೂಜಿ ಹಾಕಿಸಿಕೊಂಡ ಮೇಲಂತೂ ಹಣೆ ತಿಕ್ಕಿ ತೊಳೆದ ಹಿತ್ತಾಳೆ ತಟ್ಟೆಯಂತಾಯಿತು. ಯಾರಿಗೂ ಹೇಳಕೂಡದು, ಭಾವನಿಗೂ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಭಾವ ಪೇಪರಿನಿಂದ ತಲೆ ಎತ್ತಿ ಒಂದೇ ಮಾತು ಹೇಳಿದರಂತೆ: "ಈಗೀಗ ನೀನು ಸಿಟ್ಟು ಮಾಡ್ಕೊಳ್ಳೋದು ಕಡಿಮಿ ಆಗೇತಿ ನೋಡು." ಅಸಲಿಗೆ ಸಿಟ್ಟು ಇದ್ದಷ್ಟೇ ಇತ್ತು. ಅದು ಹಣೆಯವರೆಗೆ ಬಂದು, ದಾರಿ ಕಾಣದೆ ವಾಪಸು ಹೋಗುತ್ತಿತ್ತು.

ಅದೇ ಹೊತ್ತಿಗೆ ಅಕ್ಕನ ಮಗ ಮಂಜುನಾಥನಿಗೆ ಹೆಣ್ಣಿನ ಮಾತು ಬಂತು. ಮಂಜು ಸಿರುಗುಪ್ಪದಲ್ಲಿ ದನದ ಡಾಕ್ಟರು. ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಾನೆ. ರಾರಾವಿ, ಕೆಂಚನಗುಡ್ಡದ ಕಡೆಯಿಂದ ಎಮ್ಮೆಗೆ ಹುಷಾರಿಲ್ಲವೆಂದು ಕರೆ ಬಂದರೆ ಉಣ್ಣುವ ತಾಟು ಬಿಟ್ಟು ಓಡುವ ಹುಡುಗ. ನಮ್ಮ ಶಾಲೆಯ ಹಿಂದಿ ಟೀಚರು ಗಂಗಮ್ಮ ಕುರುಗೋಡಿನವರು. ಅವರೇ ತಮ್ಮ ಸಂಬಂಧಿಕರ ಹುಡುಗಿ ನಂದಿನಿಯನ್ನು ಸೂಚಿಸಿದರು. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಇನ್ನು ಹಿರಿಯರು ನೋಡುವುದಷ್ಟೇ ಬಾಕಿ ಎಂದು ನಾವೆಲ್ಲ ಕುರುಗೋಡಿಗೆ ಹೋದೆವು.

ಆ ಮನೆಯ ಯಜಮಾನಿಕೆ ಹುಡುಗಿಯ ಅಜ್ಜಿ ಹಂಪಮ್ಮನವರದ್ದು. ನಡುಮನೆಯ ಕುರ್ಚಿಯಲ್ಲಿ ಕೂತು, ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿ ಒಳಗೆ ಬಿಡುವ ಹೆಂಗಸು. ಒಗ್ಗರಣೆ ಮಂಡಕ್ಕಿಯ ಜೊತೆಗೆ ಮಿರ್ಚಿ ಬಂತು. ಅಂಥ ಖಾರದ ಮಿರ್ಚಿ ನಾನು ಬಳ್ಳಾರಿ ಸೀಮೆಯಲ್ಲೂ ತಿಂದಿರಲಿಲ್ಲ. ಭಾವ ತಲೆ ಒರೆಸಿಕೊಂಡರು, ಮಂಜು ಮೂಗು ಒರೆಸಿಕೊಂಡ, ನನ್ನ ಹುಬ್ಬುಗಳು ಒಂದಕ್ಕೊಂದು ತಾಕಿದವು. ಅಕ್ಕ ಮಾತ್ರ ಎರಡು ತಿಂದು ನುಣ್ಣಗಿನ ಹಣೆ ಹೊತ್ತು ಕೂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖದಲ್ಲಿ ಏನೂ ಆಗಿರಲಿಲ್ಲ. ಹಂಪಮ್ಮನವರು ತೀರಿಹೋದ ತಮ್ಮ ಯಜಮಾನರ ಸುದ್ದಿ ಹೇಳಿ ಸೆರಗಿನಿಂದ ಕಣ್ಣೊತ್ತಿಕೊಂಡಾಗಲೂ ಅದೇ ಹಣೆ. ಅಷ್ಟರಲ್ಲಿ ಮಂಜು ನಮ್ಮಿಬ್ಬರ ಕಡೆ ನೋಡಿ, "ಸಣ್ಣಮ್ಮ, ಸ್ವಲ್ಪ ನೀರು ಕೊಡ್ರಿ" ಅಂದ. ಕೇಳಿದ್ದು ನನ್ನನ್ನು. ತಂಬಿಗೆ ಅಕ್ಕನ ಹತ್ತಿರ ಇದ್ದದ್ದಕ್ಕೆ ಅವಳೇ ಎತ್ತಿ ಕೊಟ್ಟಳು. ಹಂಪಮ್ಮನವರು ಆ ತಂಬಿಗೆಯನ್ನೇ ನೋಡುತ್ತಿದ್ದರು.

ಮಾರನೆಯ ದಿನ ಗಂಗಮ್ಮ ಟೀಚರು ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದರು.

"ಸುಮಾ ಟೀಚರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಂಪಮ್ಮತ್ತಿ ಮುಂದುವರಿಯಾಕ ಒಲ್ಲೆ ಅಂತಾರ. ಹುಡುಗನ ತಾಯಿ ಸ್ವಂತ ತಾಯಿ ಅಲ್ಲ ಅಂತ ನಮಗ್ಯಾಕ ಮೊದಲ ಹೇಳಲಿಲ್ಲ ಅಂತ ಸಿಟ್ಟು ಬಂದೈತಿ ಅವರಿಗೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ತಾಯಿಯ ತಂಗಿಯೂ ಸಣ್ಣಮ್ಮ, ಅಪ್ಪ ಎರಡನೆಯದಾಗಿ ಕಟ್ಟಿಕೊಂಡವಳೂ ಸಣ್ಣಮ್ಮ. ಭಾವನ ತಲೆ ನೋಡಿ, ಅಕ್ಕನ ಹಣೆ ನೋಡಿ, ತಂಬಿಗೆ ಯಾರ ಕೈಯಿಂದ ಬಂತೆಂದು ನೋಡಿ ಹಂಪಮ್ಮನವರು ಲೆಕ್ಕ ಕೂಡಿಸಿದ್ದರು. ಗಣಿತದ ಟೀಚರಾಗಿ ಹೇಳುತ್ತೇನೆ, ಕೂಡಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಖಾರಕ್ಕ ಹಣಿ ಅಲುಗಲಿಲ್ಲ, ದುಃಖಕ್ಕ ಅಲುಗಲಿಲ್ಲ, ಅಂಥ ಮಲತಾಯಿ ಕೈಯಾಗ ನಮ್ಮ ಹುಡುಗಿ ಕೊಡಂಗಿಲ್ಲ" ಅಂದರಂತೆ.

ನಿಜ ಹೇಳಿದರೆ ಅರ್ಧ ನಿಮಿಷದ ಕೆಲಸ. ಆಣೆ ನಾಲಿಗೆಯ ಮೇಲೆ ಕೂತಿತ್ತು. ಹಾಗಾಗಿ, ಅಕ್ಕನದು ಬಹಳ ಸಣ್ಣ ವಯಸ್ಸಿನಲ್ಲೇ ಮದುವೆಯಾಯಿತು ಎಂದು ಹೇಳಿಬಿಟ್ಟೆ. ಗಂಗಮ್ಮ ಟೀಚರು ಮನಸ್ಸಿನಲ್ಲೇ ಏನೋ ಎಣಿಸಿ, "ಹಂಗಾರ ಸಾಲಿಗೆ ಹೋಗೋ ಮುಂಚೇನ ಲಗ್ನ ಆಗಿರಬೇಕಲ್ರಿ" ಅಂದರು. ನಾನು ಗಂಟೆ ಹೊಡೆಯಿತೆಂದು ತರಗತಿಗೆ ಓಡಿದೆ. ಗಂಟೆ ಹೊಡೆದಿರಲಿಲ್ಲ.

ಮಂಜು ಅಂದು ಸಂಜೆ ಊಟ ಬೇಡವೆಂದು ಮಹಡಿ ಹತ್ತಿದ. ಅವನ ಮುಖ ನೋಡಲಾಗದೆ ನಾನು ಮರುದಿನ ಬೆಳಿಗ್ಗೆ ಬಳ್ಳಾರಿಗೆ ಹೋಗಿ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಕೇಳಿದ್ದು ಬೇರೆ.

"ಅಷ್ಟು ಸಣ್ಣಾಕಿ ಕಾಣಿಸ್ದೆನಂತೇನು ನಾನು?"

"ಅಕ್ಕ, ಹುಡುಗಿ ಕೊಡಂಗಿಲ್ಲ ಅಂತ ಹೇಳ್ಯಾರ."

"ಅದು ತಿಳೀತು. ಎರಡನೇ ಹೆಂಡ್ತಿ ಅಂದ್ರಾ, ಖರೇನ? ಅಜ್ಜಿ ಬಾಯಿಲೇ ಅಂದ್ರಾ?"

ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಮಗನ ಊಟದ ವಿಷಯ ಹೇಳಿದೆ. ಅಳುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ನಾನು ಅವಳ ಕಣ್ಣನ್ನೇ ಹತ್ತಿರದಿಂದ ನೋಡಬೇಕಾಯಿತು. ನನ್ನ ಸ್ವಂತ ಅಕ್ಕನ ದುಃಖ ನನಗೇ ಕಾಣಿಸಲಿಲ್ಲವಲ್ಲ ಎಂದು ಆಗ ಅನಿಸಿತು. "ನಡಿ, ಕುರುಗೋಡಿಗೆ ಹೋಗಾನ" ಎಂದು ಅವಳು ಸೀರೆಯನ್ನೂ ಬದಲಾಯಿಸದೆ ಎದ್ದಳು.

ಹಂಪಮ್ಮನವರು ನಮ್ಮನ್ನು ನೋಡಿ ಕೂತ ಕುರ್ಚಿಯಿಂದ ಏಳಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅಕ್ಕ ಅವರ ಕಾಲ ಬಳಿ ಚಾಪೆಯ ಮೇಲೆ ಕೂತು ಎಲ್ಲ ಹೇಳಿದಳು. ಬಸ್ಸಿನ ಹುಡುಗಿ, ಪರಂಗಿಹಣ್ಣು, ಪೀಲ್, ಸೂಜಿ. "ಮಂಜು ನನ್ನ ಹೊಟ್ಟ್ಯಾಗ ಹುಟ್ಟಿದವನ್ರಿ ಅಮ್ಮ. ಹಣಿ ಒಂದೇ ನಂದಲ್ಲ" ಅಂದಳು. ಅಜ್ಜಿ ಅಕ್ಕನ ಕೈ ಹಿಡಿದು, ಮುಂಗೈ ತಿರುಗಿಸಿ, ಉಬ್ಬಿದ ನರಗಳನ್ನೂ ಸುಕ್ಕುಗಳನ್ನೂ ಬೆರಳಿನಿಂದ ಸವರಿ ನೋಡಿದರು. ಸೂಜಿ ಅಲ್ಲಿಯವರೆಗೆ ಹೋಗಿರಲಿಲ್ಲ.

"ನೋವಾಗಲಿಲ್ಲೇನು?" ಎಂದು ಕೇಳಿದರು.

"ಇರಿವಿ ಕಡಿದಂಗ ಆಗತೈತ್ರಿ, ಅಷ್ಟ."

"ಎಷ್ಟು ದಿನ ಇರತೈತಿ?"

"ಮೂರು ನಾಕು ತಿಂಗಳು. ಆಮ್ಯಾಲ ಮತ್ತ ಹಾಕಿಸ್ಕೋಬೇಕು."

"ಮತ್ತ ಹಾಕಿಸ್ಕೋಬ್ಯಾಡ" ಅಂದರು ಅಜ್ಜಿ. "ನೀನು ಚಂದ ಕಾಣಬಾರದು ಅಂತ ಅಲ್ಲವ್ವ. ನಮ್ಮ ಹುಡುಗಿ ನಿನ್ನ ಮನಿಗೆ ಹೊಸದಾಗಿ ಬರ್ತಾಳ. ಅತ್ತಿ ಮನಸಿನ್ಯಾಗ ಏನೈತಿ ಅಂತ ಅಕಿ ನಿನ್ನ ಮಾರಿ ನೋಡೇ ತಿಳ್ಕೋಬೇಕು. ನನ್ನ ಅತ್ತಿ ಬಾಯಿ ಬಿಡೂ ಮುಂಚೇನ ಅಕಿ ಹಣಿ ನೋಡಿ ನಾನು ಒಲಿ ಮುಂದ ಹೋಗಿ ನಿಂದರತಿದ್ದೆ. ಖಾಲಿ ಪಾಟಿ ತೋರಿಸಿದ್ರ ಹುಡುಗಿ ಏನು ಓದಬೇಕು?"

ಅಕ್ಕ ಒಪ್ಪಿದಳು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಹುಡುಗಿಯ ತಾಯಿ ಆಗ ಚಹಾ ತಂದರು. ನಾವು ಹೊರಡುವಾಗ ಅವರು ಬಾಗಿಲವರೆಗೂ ಬಂದು, ಅಜ್ಜಿಗೆ ಕೇಳಿಸದಂತೆ ಆ ಡಾಕ್ಟರ ಕ್ಲಿನಿಕ್ಕು ಎಲ್ಲಿ ಬರುತ್ತದೆಂದು ವಿಚಾರಿಸಿದರು.

ಬಳ್ಳಾರಿಯಲ್ಲಿ ಮದುವೆಯಾಗುವ ಹೊತ್ತಿಗೆ ಅಕ್ಕನ ಹಣೆ ಪೂರ್ತಿ ವಾಪಸು ಬಂದಿತ್ತು. ಅಡಿಗೆಯವರು ತಡ ಮಾಡಿದ್ದಕ್ಕೆ ಗಂಟಿಕ್ಕಿತು, ಧಾರೆಯ ಹೊತ್ತಿಗೆ ನಡುಗಿತು, ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ನೆರಿಗೆಯೆಲ್ಲ ಮೇಲೇರಿ ನಕ್ಕಿತು. ಭಾವ ಮಾತ್ರ ನನ್ನ ಪಕ್ಕ ಬಂದು, "ನಿಮ್ಮಕ್ಕಗ ಮತ್ತ ಸಿಟ್ಟು ಶುರು ಆಗೇತಿ, ಯಾಕ ಅಂತೀನಿ" ಎಂದು ಕೇಳಿದರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಜುವಿನ ನೌಕರಿ ಸಿರುಗುಪ್ಪದಲ್ಲಿ, ಆದ್ದರಿಂದ ಸೊಸೆ ಬಂದು ಇಳಿದದ್ದು ನಮ್ಮ ಮನೆಯ ಮಹಡಿಗೆ. ನಂದಿನಿ ಅಜ್ಜಿಯ ಗರಡಿಯಲ್ಲಿ ಬೆಳೆದ ಹುಡುಗಿ, ಮುಖ ಓದುವುದರಲ್ಲಿ ಪಳಗಿದವಳು. ಓದಲು ಅವಳಿಗೆ ದಿನಾ ಸಿಗುತ್ತಿದ್ದದ್ದು ನನ್ನ ಮುಖ. ವರ್ಷಾನುಗಟ್ಟಲೆ ಮಕ್ಕಳ ತಪ್ಪು ಲೆಕ್ಕ ತಿದ್ದಿ ತಿದ್ದಿ ನನ್ನ ಹುಬ್ಬುಗಳ ನಡುವೆ ಎರಡು ಆಳದ ಗೆರೆ ಬಿದ್ದಿವೆ. ನಾನು ಹಾಡು ಗುನುಗುತ್ತ ಸೊಪ್ಪು ಸೋಸುವಾಗಲೂ ಅವು ಹಾಗೇ ಇರುತ್ತವೆ. ಹುಡುಗಿ ಮೆಟ್ಟಿಲಿಳಿದು ನನ್ನನ್ನು ನೋಡುವುದು, ಸದ್ದಿಲ್ಲದೆ ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುವುದು, ಹೀಗೇ ನಡೆಯಿತು. ಒಂದು ದಿನ ಮಂಜು ಹಿಂದುಮುಂದು ನೋಡುತ್ತ ಬಂದು, "ಸಣ್ಣಮ್ಮ, ನಂದಿನಿ ಏನು ತಪ್ಪು ಮಾಡ್ಯಾಳ ಅಂತ ಹೇಳಿಬಿಡ್ರಿ. ಅಕಿಗೆ ಭಾಳ ಅಂಜಿಕಿ ಆಗೇತಿ" ಅಂದ.

ನಾನು ಖುಷಿಯಾಗಿಯೇ ಇದ್ದೇನೆ ಎಂದು ಹೇಳಿದೆ. ಹೇಳುವಾಗ ನನ್ನ ಮುಖ ನೋಡಿ ಅವನೂ ನಂಬಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಅವಳು ನಗಲಿಲ್ಲ, ಯಾಕೆ ಏನು ಎಂದು ಕೇಳಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಬಾ, ಜೊತೆಗೆ ನಾನೇ ಬರುತ್ತೇನೆ ಅಂದಳು. ಡಾಕ್ಟರು ಎರಡು ಗೆರೆಗಳನ್ನು ಬೆರಳಿನಿಂದ ಒತ್ತಿ ನೋಡಿ, ಇದು ಬಹಳ ದುಡಿದ ಹಣೆ ಅಂದಳು. ಇರುವೆ ಕಚ್ಚಿದ ಹಾಗೆ ಅಂತ ಅಕ್ಕ ಹೇಳಿದ್ದು ಸುಳ್ಳು, ಕಟ್ಟಿರುವೆ ಕಚ್ಚಿದ ಹಾಗೆ ಆಗುತ್ತದೆ. ಹದಿನೈದು ದಿನ ಕಳೆಯುವುದರಲ್ಲಿ ಗೆರೆಗಳು ಮಲಗಿದವು. ನಂದಿನಿ ಈಗ ಮೆಟ್ಟಿಲ ಮೇಲಿನಿಂದಲೇ ಮಾತಾಡಿಸುತ್ತ ಇಳಿದುಬರುತ್ತಾಳೆ, ಸಾರಿಗೆ ಉಪ್ಪು ಕಡಿಮೆ ಅಂತ ನನಗೇ ಹೇಳುತ್ತಾಳೆ. ಅವಳಿಗೆ ನನ್ನ ಅಂಜಿಕೆ ಪೂರ್ತಿ ಹೋಗಿದೆ. ಒಂಬತ್ತನೇ ತರಗತಿಯವರಿಗೂ ಹೋಗಿದೆ. ಮೊದಲು ಬೋರ್ಡಿನಿಂದ ತಿರುಗಿ ಸುಮ್ಮನೆ ನೋಡಿದರೆ ಸಾಕಾಗುತ್ತಿತ್ತು. ಈಗ ಅವರು ನನ್ನ ಮುಖವನ್ನೊಮ್ಮೆ ನೋಡಿ ಆರಾಮಾಗಿ ಮಾತು ಮುಂದುವರಿಸುತ್ತಾರೆ. ನಾನು ಸೀಮೆಸುಣ್ಣ ಕೆಳಗಿಟ್ಟು, "ನನಗ ಸಿಟ್ಟು ಬಂದೈತಿ" ಎಂದು ಕನ್ನಡದಲ್ಲಿ ತಿಳಿಸಿ ಹೇಳಬೇಕಾಗಿದೆ.