ಒಬ್ಬಟ್ಟಿಗೊಂದು ಪರದೆ

ಮನೆಗೆ ಜಾರುವ ಗಾಜಿನ ಬಾಗಿಲು ಹಾಕಿಸಿದ ದಿನದಿಂದ ವೀರಭದ್ರಸ್ವಾಮಿಯ ಹೊಟ್ಟೆ ಊರಿನ ಆಸ್ತಿಯಾಗಿಬಿಟ್ಟಿತು.

ಕಬಿನಿ ಹಿನ್ನೀರಿನ ಯಾವುದೋ ರೆಸಾರ್ಟಿಗೆ ಶುಂಠಿ ಕೊಡಲು ಹೋದವನು ಅಲ್ಲಿನ ಬಾಗಿಲು ಕಂಡು ಮರುಳಾಗಿದ್ದ. ಅಲ್ಲಿ ಸೋಫಾದ ಮೇಲೆ ಕೂತರೆ ಗಾಜಿನಾಚೆ ಆನೆ ಕಾಣುತ್ತದೆ. ಇವನ ನಡುಮನೆಯಲ್ಲಿ ಕೂತರೆ ಕಾಣುವುದು ಎದುರಿನ ಹಾಲಿನ ಡೈರಿ, ಅದರ ಜಗಲಿ, ಜಗಲಿಯ ಮೇಲೆ ರಾಮಮ್ಮ. ಆನೆಯಾದರೂ ನೀರು ಕುಡಿದು ಹೋಗುತ್ತದೆ, ರಾಮಮ್ಮ ಹೋಗುವವಳಲ್ಲ. ಉತ್ಪ್ರೇಕ್ಷೆ ನಮಗೆ ಆಗಿಬರುವುದಿಲ್ಲ, ಆದರೂ ಇದ್ದದ್ದು ಹೇಳಬೇಕು: ಕಾಡಿನ ಹದ್ದುಗಳು ತಮ್ಮ ಮರಿಗಳನ್ನು ಕರೆತಂದು, ಕಣ್ಣೆಂದರೆ ಇದು, ಎಂದು ಅವಳನ್ನು ತೋರಿಸಿಕೊಂಡು ಹೋಗುತ್ತಿದ್ದವು.

ವೀರಭದ್ರಸ್ವಾಮಿಗೆ ಸಕ್ಕರೆ ಕಾಯಿಲೆ. ಹೆಂಡತಿ ಸರ್ವಮಂಗಳ ಬೆಲ್ಲದ ಡಬ್ಬಕ್ಕೆ ಬೀಗ ಜಡಿದಿದ್ದಳು. ಯುಗಾದಿಯ ದಿನವೂ ಬೇವು ಅವನಿಗೆ, ಬೆಲ್ಲ ಅವಳಿಗೆ. ಕದ್ದು ಒಂದು ಬಾಳೆಹಣ್ಣು ಸುಲಿದರೂ ಸಾಕು, ಸಿಪ್ಪೆ ನೆಲ ಮುಟ್ಟುವ ಮೊದಲೇ ರಾಮಮ್ಮನ ವರದಿ ಸರ್ವಮಂಗಳಳ ಕಿವಿ ಮುಟ್ಟುತ್ತಿತ್ತು.

ಹೀಗಿರುವಾಗ ಸರ್ವಮಂಗಳ ಮಿರ್ಲೆಯ ಅಕ್ಕನ ಮನೆಗೆ ಹೊರಟಳು.

“ನಾಳೆ ಬತ್ತೀನಿ. ಬಾಯಿ ಬಿಗಿ ಇರ್ಲಿ.”

“ನೀನಿಲ್ದೆ ನಂಗೆ ಅನ್ನ ಸೇರ್ತದೇನೇ?”

“ನಾನೇಳಿದ್ದು ಅನ್ನದ ಮಾತಲ್ಲ ಕಣ್ರೀ.”

ಬಸ್ಸು ತಿರುವು ದಾಟಿತೋ ಇಲ್ಲವೋ, ವೀರಭದ್ರಸ್ವಾಮಿ ಬೈಕು ಹತ್ತಿದ. ಹ್ಯಾಂಡ್‌ಪೋಸ್ಟ್ ಪೇಟೆಯಲ್ಲಿ ಬಿಸಿ ಬಿಸಿ ಒಬ್ಬಟ್ಟು ಬೇಯಿಸಿ ಕೊಡುವ ಹೊಸ ಅಂಗಡಿಯಾಗಿತ್ತು. ಅದರ ವಾಸನೆ ಎಂಟು ಹಳ್ಳಿ ದಾಟಿ ಅವನ ಕನಸಿಗೆ ಬರುತ್ತಿತ್ತು. ಆದರೆ ಮೊದಲು ಬಾಗಿಲಿಗೆ ಪರದೆ, ಆಮೇಲೆ ಒಬ್ಬಟ್ಟು.

“ಎತ್ಲಾಗ್ಲಾ?” ಎನ್ನುತ್ತಾ ಸ್ನೇಹಿತ ನಂಜಣ್ಣ, ಕರೆಯದೆಯೇ, ಹಿಂದಿನ ಸೀಟಿಗೆ ಏರಿದ. ಪಂಚಾಯ್ತಿ ಚುನಾವಣೆಯಲ್ಲಿ ಸೋತಂದಿನಿಂದ ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.

ಪರದೆ ಅಂಗಡಿಯ ನಂಜುಂಡೇಶ್ ಮೊದಲು ಉದ್ದುದ್ದ ಪಟ್ಟಿಗಳು ನೇತಾಡುವ ಒಂದು ಮಾದರಿ ತೋರಿಸಿದ.

“ಇದೇನಯ್ಯಾ, ಬೇಯ್ಸೋ ಬ್ಯಾರನ್ ಮನೇಲಿ ಹೊಗೆಸೊಪ್ಪು ನೇತಾಕಿದಂಗದೆ!” ಎಂದ ನಂಜಣ್ಣ. “ಸೊಪ್ಪಿನ ಹರಾಜು ಕೂಗೋರು ಮನೆಗೇ ಬಂದ್ಬುಡ್ತಾರೆ.”

ಎರಡನೆಯದು ದಾರ ಎಳೆದರೆ ಸುರುಳಿ ಸುತ್ತುವಂಥದ್ದು. ವೀರಭದ್ರಸ್ವಾಮಿ ಎಳೆದ. ಅದು ನಂಜಣ್ಣನ ಹೆಗಲ ಟವೆಲ್ಲನ್ನೂ ಸೇರಿಸಿ ಸುತ್ತಿಕೊಂಡು ಸೂರಿಗೆ ಹಾರಿತು. ಟವೆಲ್ ಬಿಡಿಸಲು ಏಣಿ ಬಂತು.

“ಸಾದಾ ಬಟ್ಟೆ ಪರದೆ ಕೊಡಪ್ಪ. ಹಸ್ರು.”

“ಹಸ್ರಾ?” ನಂಜಣ್ಣ ಎದೆ ಹಿಡಿದುಕೊಂಡ. “ಆ ಪಾರ್ಟಿ ಸೇರ್ಬುಟ್ಟ ಅಂತಾರೆ ಕಣ್ಲಾ.”

“ಕೇಸರಿ?”

“ಈ ಪಾರ್ಟಿ ಅಂತಾರೆ.”

“ನೀಲಿ?”

“ಅದ್ಕೂ ಒಂದದೆ.”

“ಹೂವಿನ ಚಿತ್ರದ್ದು?”

“ಯಾವ ಹೂವು ಅಂತ ಕೇಳ್ತಾರೆ.”

“ಲೇ, ನಾನು ಬಾಗ್ಲಿಗೆ ಬಟ್ಟೆ ಹಾಕ್ತಿದ್ದೀನೋ, ಎಲೆಕ್ಷನ್ನಿಗೆ ನಿಂತಿದ್ದೀನೋ?”

“ಬಿಳೀದು ತಗಳಲಾ. ಬಿಳಿ ಯಾರ್ದೂ ಅಲ್ಲ.”

“ಬಿಳೀದೇ ಬೆಸ್ಟು ಕಣಣ್ಣ,” ಅಂಗಡಿಯ ನಂಜುಂಡೇಶ್ ತೆಳ್ಳನೆಯ ಬಟ್ಟೆ ಹರವಿದ. “ಬೆಳಕು ಒಳಕ್ಕೆ ಬತ್ತದೆ, ಜನದ ಕಣ್ಣು ಬರಲ್ಲ.”

ನಂಜಣ್ಣನನ್ನು ಟೀ ಕುಡಿಯಲು ಅಟ್ಟಿ, ಆ ಸಂದಿನಲ್ಲೇ ವೀರಭದ್ರಸ್ವಾಮಿ ಒಬ್ಬಟ್ಟಿನ ಪೊಟ್ಟಣ ಕೊಂಡು ಪರದೆಯ ಗಂಟಿನೊಳಗೆ ಅಡಗಿಸಿದ. ದಾರಿಯುದ್ದಕ್ಕೂ ಹಿಂದಿನಿಂದ ಮೂಗೆಳೆಯುವ ಸದ್ದು. “ಹೊಸ ಬಟ್ಟೆ ಏಲಕ್ಕಿ ವಾಸ್ನೆ ಬತ್ತದಲ್ಲ?”

“ಮಿಲ್ಲಿನ ವಾಸ್ನೆ, ಸುಮ್ಕಿರು.”

ಮನೆ ಮುಂದೆ ಗಂಟು ಇಳಿಯುತ್ತಿದ್ದಂತೆ ರಾಮಮ್ಮ ಜಗಲಿ ಇಳಿದಳು.

“ಪರ್ದೆ ಯಾಕೆ ಈರಭದ್ರಣ್ಣ?”

“ಧೂಳು ಕಣವ್ವ.”

“ಧೂಳಿಗೆ ಗಾಜದಲ್ಲ.”

“ಬಿಸ್ಲು ಕಣವ್ವ.”

“ಬಿಸ್ಲಿಗೆ ಡೈರಿ ಶೀಟು ಅಡ್ಡ ಅದಲ್ಲ.”

ಅವನು ಗಂಟು ಅವಚಿಕೊಂಡು ಒಳಗೆ ನುಗ್ಗಿದ. ರಾಮಮ್ಮ ಸೆರಗಿನಿಂದ ಮೊಬೈಲು ಬಿಚ್ಚುತ್ತಾ ವಾಪಸು ಹೋದಳು.

ಆಮೇಲೆ ನಡೆದದ್ದು ಕುರುಕ್ಷೇತ್ರ. ಪೊಟ್ಟಣವನ್ನು ಅಕ್ಕಿ ಡ್ರಮ್ಮಿನಲ್ಲಿ ಹುಗಿದು, ಸ್ಟೂಲು ಹತ್ತಿ ಕಂಬಿ ಕೂರಿಸಿದ. ಕಂಬಿ ಬಿತ್ತು. ಮತ್ತೆ ಕೂರಿಸಿದ, ಪರದೆ ತಲೆಯ ಮೇಲೆ ಬಿದ್ದು ಸೋಬಾನೆಗೆ ಕೂತ ಮದುಮಗಳಂತಾದ. ಮೂರನೆಯ ಸಲ ಜಾರುವ ಬಾಗಿಲು ಪರದೆಯ ಅಂಚನ್ನು ಕಚ್ಚಿ ಹಿಡಿದು, ಬಿಡಲೊಲ್ಲೆ ಎಂದಿತು. ಹೋಗಿ ಬರುವವರೆಲ್ಲ ನಿಂತು ಒಂದೊಂದು ಬುದ್ಧಿ ಹೇಳಿದರು. ನಂಜಣ್ಣ ಸ್ಟೂಲು ಹಿಡಿದುಕೊಂಡದ್ದಕ್ಕೆ ಮೂರು ಸಲ ಕಾಫಿ ಕೇಳಿದ. ಅಷ್ಟೂ ಹೊತ್ತು ಡ್ರಮ್ಮಿನೊಳಗಿಂದ ಒಬ್ಬಟ್ಟು ವೀರಭದ್ರಸ್ವಾಮಿಯ ಹೆಸರು ಹಿಡಿದು ಕೂಗುತ್ತಲೇ ಇತ್ತು.

ಮುಸ್ಸಂಜೆಗೆ ಪರದೆ ನಿಂತಿತು. ನಂಜಣ್ಣ ತೊಲಗಿದ. ಎದುರಿಗೆ ಸಂಜೆಯ ಹಾಲು ಹಾಕಲು ಊರಿಗೂರೇ ಕ್ಯಾನು ಹಿಡಿದು ಸೇರುತ್ತಿತ್ತು. ಸೇರಲಿ! ವೀರಭದ್ರಸ್ವಾಮಿ ಸರ್ರೆಂದು ಪರದೆ ಎಳೆದ. ಒಬ್ಬಟ್ಟಿನ ಮುಖ ಕಾಣದೆ ತಿನ್ನುವುದು ಪಾಪವೆಂದು ಅಡುಗೆಮನೆ ಬಾಗಿಲಿನ ದೊಡ್ಡ ಬಲ್ಬು ಹಾಕಿ, ಅದಕ್ಕೆ ಬೆನ್ನುಕೊಟ್ಟು, ಪರದೆಗೆ ಮುಖ ಮಾಡಿ ಮಹಾರಾಜನಂತೆ ಕೂತ. ಹೊರಗೆ ಆ ಜನ, ಒಳಗೆ ಈ ಒಬ್ಬಟ್ಟು!

ಮೊದಲನೆಯದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. ಚಮಚದಿಂದ ತುಪ್ಪವನ್ನು ಮೇಲಿನಿಂದ ಧಾರೆ ಎರೆದ. ಅದು ಗಂಟಲಲ್ಲಿ ಇಳಿಯುತ್ತಿದ್ದಂತೆ ಏಳು ಜನ್ಮದ ಬೇವು ಕರಗಿಹೋಯಿತು. ಎರಡನೆಯದು ಹೋದದ್ದೇ ತಿಳಿಯಲಿಲ್ಲ. ಹೊರಗೆ ಕ್ಯಾನಿನ ಸದ್ದಿಲ್ಲ, ಮಾತಿಲ್ಲ. ಪರದೆಯೆಂದರೆ ಇದಪ್ಪ, ಸದ್ದನ್ನೂ ತಡೆಯುತ್ತದೆ ಎಂದುಕೊಂಡು ಮೂರನೆಯದಕ್ಕೆ ಕೈ ಹಾಕಿದ.

“ಮೂರ್ನೇದು!” ಎಂದಿತು ರಾಮಮ್ಮನ ದನಿ.

ಅವನ ಕೈ ಅಲ್ಲೇ ನಿಂತಿತು. ಹಾಲಿನ ಲೆಕ್ಕವಿರಬೇಕು. ಮೆಲ್ಲಗೆ ಚಮಚ ಎತ್ತಿದ.

“ತುಪ್ಪ! ತುಪ್ಪ!” ಎಂದು ಹತ್ತಾರು ಗಂಟಲು ಕೂಗಿದವು.

ಎದ್ದು ಪರದೆ ಸರಿಸಿದ. ಬೀದಿ ತುಂಬ ಜನ. ಕ್ಯಾನು ಬೋರಲು ಹಾಕಿ ಕೂತವರು, ಕಂಬಕ್ಕೆ ಒರಗಿದವರು.

“ಥೂ, ಯಾಕ್ಲಾ ತೆಗುದ್ಬುಟ್ಟೆ?” ನಂಜಣ್ಣ ರೇಗಿದ. “ತೊಗಲುಗೊಂಬೆ ಆಟ ನೋಡಿ ಯಾವ ಕಾಲ ಆಗಿತ್ತು! ನಿನ್ ನೆಳ್ಳು ನೋಡ್ಬೇಕಿತ್ತು ಕಣ್ಲಾ, ಬಾಯಿ ತೆರುದ್ರೆ ಗವಿ! ಒಬ್ಬಟ್ಟು ಗಾಡಿ ಚಕ್ರ!”

ಮುಂದಿನ ಸಾಲಿನಲ್ಲಿ, ಮಿರ್ಲೆಗೆ ಒಯ್ದಿದ್ದ ಚೀಲವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡು, ಸರ್ವಮಂಗಳ ಕೂತಿದ್ದಳು. ಪಕ್ಕದಲ್ಲಿ ರಾಮಮ್ಮ.

“ಪರ್ದೆ ತಂದವ್ರೆ ಅಂದ್ರು ರಾಮಮ್ಮಕ್ಕ ಫೋನ್ನಲ್ಲಿ. ಅಷ್ಟೇ ಸಾಕಾಯ್ತು, ಊಟಕ್ಕೂ ನಿಲ್ದೆ ಬಸ್ ಹತ್ತಿದೆ.”

“ಒಂದ್ ಚೂರು ಕಣೆ...”

“ಚೂರಾ? ಕಣ್ಣಾರೆ ಕಂಡಿದ್ದೀನಿ, ಒಂದೊಂದೂ ಮೊರದಗಲ ಇತ್ತು.”

“ಅದು ನೆಳ್ಳು ಕಣೆ! ನೆಳ್ಳು ದೊಡ್ದಾಗಿ ಬೀಳ್ತದೆ!”

“ಆಸೆ ದೊಡ್ದಾಗಿದ್ರೆ ನೆಳ್ಳೂ ದೊಡ್ದಾಗ್ತದೆ.”

ವೀರಭದ್ರಸ್ವಾಮಿಗೆ ರೋಸಿಹೋಯಿತು. ಕಂಬಿ ಸಮೇತ ಕಿತ್ತು ಬಿಸಾಡುವೆನೆಂದು ಪರದೆಗೆ ಕೈ ಹಾಕಿದ.

“ಮುಟ್ಬ್ಯಾಡಿ ಅದ್ನ!” ಸರ್ವಮಂಗಳ ಎದ್ದಳು. “ಗಾಜಿದ್ದಾಗ ರಾಮಮ್ಮಕ್ಕ ಒಬ್ರೇ ಕಣ್ಣು ನೋಯಿಸ್ಕೋಬೇಕಿತ್ತು. ಈಗ ಇಡೀ ಊರ್ಗೆ ಸಲೀಸಾಗಿ ಕಾಣ್ತದೆ. ಚೆಂದಾಗದೆ, ಇರ್ಲಿ.”

ಜನ ಮನಸ್ಸಿಲ್ಲದ ಮನಸ್ಸಿನಿಂದ ಕ್ಯಾನು ಎತ್ತಿಕೊಂಡರು.

“ನಾಳೆ ಎಷ್ಟೊತ್ಗಕ್ಕ?” ನಂಜಣ್ಣ ಕೇಳಿದ.

“ಹಾಲ್ ಹಾಕೋ ಹೊತ್ಗೇ ಬಾರಣ್ಣ,” ಎಂದಳು ಸರ್ವಮಂಗಳ, ಉಳಿದ ಒಬ್ಬಟ್ಟನ್ನು ಒಳಗಿಂದ ತಂದು ರಾಮಮ್ಮನ ಕೈಗಿಡುತ್ತಾ. “ನಾಳೆ ಬೇವಿನ ಕಷಾಯ.”