ಅತ್ತೆಯ ಹೇಂಟೆಯೂ ನನ್ನ ಕೆಂಪು ಪೆನ್ನೂ

ಹೆಂಗಸರು ಬರೆಯಬೇಕು ಎಂದು ವೇದಿಕೆ ಮೇಲೆ ನಿಂತು ಹೇಳುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಹೇಳಿ, ಚಪ್ಪಾಳೆ ಹೊಡೆಸಿಕೊಂಡು, ಶಾಲು ಹೊದೆಸಿಕೊಂಡು ಮನೆಗೆ ಬಂದರೆ ಬಿಸಿ ಊಟ ಕಾದಿರುತ್ತಿತ್ತು. ಮಡಿಕೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವ, ನಾಲ್ಕಾರು ಕತೆ ಅಚ್ಚಾಗಿರುವ ನಾನು ಈ ಭಾಷಣವನ್ನು ಕೊಡಗಿನ ಉದ್ದಗಲಕ್ಕೂ ಮಾಡಿದ್ದೇನೆ. ಊಟ ಮಾಡಿಡುತ್ತಿದ್ದವರು ನನ್ನ ಅತ್ತೆ. ಹುದಿಕೇರಿಯ ಭಾಷಣಕ್ಕೆ ಅವರನ್ನೂ ಕರೆದುಕೊಂಡು ಹೋದೆ ನೋಡಿ, ಅಲ್ಲೇ ಕೆಟ್ಟಿತು. ಮುಂದಿನ ಸಾಲಿನಲ್ಲಿ ಕೂತ ಅತ್ತೆ ನಾನು ಹೇಳಿದ್ದನ್ನೆಲ್ಲ ನಂಬಿಬಿಟ್ಟರು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಲೆ ತಣ್ಣಗಿತ್ತು. ಅತ್ತೆ ಊಟದ ಮೇಜಿನ ಮೇಲೆ ಮೊಮ್ಮಗಳ ಹಳೆಯ ನೋಟ್‌ಬುಕ್ ಹರಡಿಕೊಂಡು ಬರೆಯುತ್ತಿದ್ದರು. "ಅತ್ತೆ, ತಿಂಡಿ?" ಎಂದೆ. "ಅವ್ವ ಈಗ ಮನೆ ಬಿಟ್ಟ್ ಹೊರಟ್ ಉಟ್ಟು. ನೀನೇ ಎಂತಾದ್ರು ಮಾಡ್" ಎಂದರು ತಮ್ಮ ಅರೆಭಾಷೆಯಲ್ಲಿ, ತಲೆಯೆತ್ತದೆ. ಅವರ ಅವ್ವ ತೀರಿಕೊಂಡು ಮೂವತ್ತು ವರ್ಷವಾಗಿದೆ, ಹೊರಟದ್ದು ಕತೆಯಲ್ಲಿ. ಗಂಡನ ಹತ್ತಿರ ಜಗಳವಾಡಿ, ಹೇಂಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಚೆಟ್ಟಳ್ಳಿಯ ತವರಿಗೆ ನಡೆದ ಆಕೆ, ದಾರಿಯುದ್ದಕ್ಕೂ ಗಂಡನನ್ನು ಬಯ್ಯುತ್ತಾ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆ ಕೋಳಿಗೆ ಹೇಳಿಕೊಂಡಿದ್ದಳಂತೆ. ಅವ್ವ ತವರು ಮುಟ್ಟಲು ಒಂದು ವಾರ ಹಿಡಿಯಿತು. ಅಷ್ಟೂ ದಿನ ನಾನೇ ಅಡುಗೆ. ನನ್ನ ಸಾರು ಅಷ್ಟೇನೂ ಕೆಟ್ಟದಲ್ಲ, ಮನೆಯವರೆಲ್ಲ ಮೆಚ್ಚಿಯೇ ಉಂಡರು.

ಮಹಿಳೆಯರೇ ಕತೆ ಓದುವ ಕಾರ್ಯಕ್ರಮವೊಂದು ಮುಂದಿನ ಭಾನುವಾರ ಮಡಿಕೇರಿಯಲ್ಲಿತ್ತು. ಅತ್ತೆಯ ಹೆಸರು ಕೊಟ್ಟವಳೂ ನಾನೇ. ಕೊಟ್ಟ ಮೇಲೆ ಹೆದರಿಕೆ ಶುರುವಾಯಿತು. ಕತೆಯಿಡೀ ಅರೆಭಾಷೆಯಲ್ಲಿ, ಅವರು ಮನೆಯಲ್ಲಿ ಮಾತಾಡುವ ಹಾಗೆಯೇ ಇತ್ತು. ಕನ್ನಡ ಟೀಚರ ಅತ್ತೆ ಹೀಗೆ ಓದಿದರೆ ನನ್ನ ಮರ್ಯಾದೆ ಏನಾಗಬೇಕು? ಸ್ಟಾಫ್ ರೂಮಿನಲ್ಲಿ ಕೂತು ಕೆಂಪು ಪೆನ್ನು ತೆಗೆದೆ. ಬೈಗುಳವನ್ನೆಲ್ಲ ಹೊಡೆದುಹಾಕಿ, "ಮನನೊಂದ ಗೃಹಿಣಿಯು ಕುಕ್ಕುಟವನ್ನು ಕಂಕುಳಲ್ಲಿರಿಸಿ ತವರಿನತ್ತ ಪಯಣಿಸಿದಳು" ಎಂದು ತಿದ್ದಿ, ಚೆಂದದ ಅಕ್ಷರದಲ್ಲಿ ಬೇರೆ ಪ್ರತಿ ಮಾಡಿಕೊಟ್ಟೆ.

ಅತ್ತೆ ಕನ್ನಡಕ ಹಾಕಿ ಪೂರ್ತಿ ಓದಿದರು. "ಚಂದ ಉಟ್ಟು ಸುಮಾ. ಆದ್ರೆ ಇದ್ ನನ್ನ ಅವ್ವ ಅಲ್ಲ. ನನ್ನ ಅವ್ವ ಹಿಂಗೆ ಮಾತಾಡಿದ್ದೇ ಇಲ್ಲೆ" ಎಂದರು. ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು, ಭಾನುವಾರ ಬರುವುದಿಲ್ಲವೆಂದು ಹೇಳಿ, ಹೋಗಿ ಒಲೆ ಹಚ್ಚಿದರು. ಅವತ್ತು ಎಂಟು ದಿನದ ಮೇಲೆ ಅತ್ತೆ ಮಾಡಿದ ಸಾರು ತಟ್ಟೆಗೆ ಬಿತ್ತು. ಎರಡು ತುತ್ತಿಗೇ ತಟ್ಟೆ ಸರಿಸಿದೆ. ಇಷ್ಟು ವರ್ಷ ಊರೂರು ಸುತ್ತಿ ಬರೆಯಿರಿ ಬರೆಯಿರಿ ಎಂದವಳು, ಬರೆದ ಒಬ್ಬರನ್ನು ವಾಪಸ್ಸು ಅಡುಗೆಮನೆಗೆ ಕಳಿಸಿದ್ದೆ. ನಿಜಕ್ಕೂ ನಾಚಿಕೆಯಾಯಿತು. ಕೈ ತೊಳೆದವಳೇ ನನ್ನ ಪ್ರತಿಯನ್ನು ಹರಿದು, ಬೀರುವಿನಿಂದ ನೋಟ್‌ಬುಕ್ ತಂದು ಅವರ ಮುಂದಿಟ್ಟೆ. "ಅತ್ತೆ, ತಪ್ಪಾಯಿತು. ಇದನ್ನೇ ಓದಿ" ಎಂದೆ.

ಭಾನುವಾರ ಅತ್ತೆ ಓದಿದರು. ಅವ್ವ ಬಯ್ಯಲು ಶುರುಮಾಡಿದ ಮೇಲೆ ಎಸ್ಟೇಟಿನಿಂದ ಬಂದ ಹೆಂಗಸರು, ಕೊಡವರ ಅಕ್ಕಂದಿರು, ಮಲಯಾಳಂ ಮಾತಾಡುವ ನರ್ಸಮ್ಮ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನ ಮಾತನ್ನು ಕೊನೆತನಕ ಕೇಳಿದ್ದು ಆ ಹೇಂಟೆ ಒಂದೇ ಎನ್ನುವ ಕಡೆ ಯಾರೂ ನಗಲಿಲ್ಲ. ನನ್ನ ಕಣ್ಣು ತುಂಬಿತು.

ಮುಗಿದ ಮೇಲೆ ಹೆಂಗಸರು ಸುತ್ತುವರಿದರು. ನನ್ನನ್ನಲ್ಲ, ಅತ್ತೆಯನ್ನು. "ಅಮ್ಮಾ, ನಾವೂ ಹಿಂಗೆ ನಮ್ಮ ಮನೆ ಮಾತಲ್ಲೇ ಬರೀಬೌದಾ?" ಎಂದು ಎಸ್ಟೇಟಿನವಳೊಬ್ಬಳು ಕೇಳಿದಳು. "ಬರೀರಿ ಬರೀರಿ. ಬರ್ದ್ ಮುಗಿಯುವವರೆಗೆ ನನ್ನ ಸೊಸೆಗೆ ಮಾತ್ರ ತೋರ್ಸ್‌ಬೇಡಿ" ಎಂದರು ಅತ್ತೆ. ಆಮೇಲೆ ನಾಲ್ವರು ನಮ್ಮ ಮನೆಗೇ ಬಂದು ಅತ್ತೆಗೆ ಕತೆ ಓದಿ ಹೇಳಿ ಹೋಗಿದ್ದಾರೆ. ಕಾಫಿ ಮಾಡಿಕೊಟ್ಟವಳು ನಾನು.

ಈ ಪ್ರಬಂಧವನ್ನೂ ಮೊದಲು ಅತ್ತೆಗೇ ಕೊಟ್ಟೆ. ನನ್ನದೇ ಕೆಂಪು ಪೆನ್ನು ಹಿಡಿದು ಓದಿ, ಒಂದೇ ಒಂದು ಕಡೆ ಗೀಟು ಎಳೆದರು. "ಎಲ್ಲ ಸರಿ ಉಟ್ಟು. ಆ ನಿನ್ನ ಸಾರಿನ ಮಾತೊಂದ್ ಸುಳ್ಳು, ತೆಗಿ" ಎಂದರು. ಮೇಲೆ ನೋಡಿ, ನಾನು ತೆಗೆದಿಲ್ಲ. ನಾನೂ ಹೆಂಗಸೇ ತಾನೆ? ಯಾರೂ ತಿದ್ದದ ಹಾಗೆ ಬರೆಯುವ ಹಕ್ಕು ನನಗೂ ಇದೆ.